ಮೂರು ಹೊಳೆ, ಮೂರು ಬಗೆಯ ಮಹಾಪೂರ: ಬಾಗಲಕೋಟೆ ಜಿಲ್ಲೆಯ ಅಪಾಯದ ಲೆಕ್ಕ

ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷವಿಡೀ ಬೀಳುವ ಸರಾಸರಿ ಮಳೆ 600 ಮಿಲಿಮೀಟರ್ ದಾಟುವುದಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಇಲ್ಲಿನ ತಾಲ್ಲೂಕುಗಳು ಬರಪೀಡಿತ ಪಟ್ಟಿಗೆ ಸೇರುವುದು ವಾಡಿಕೆಯೇ ಆಗಿದೆ. ಹಾಗಿದ್ದೂ 2005, 2009, 2019 ಮತ್ತು 2021ರಲ್ಲಿ ಇದೇ ಜಿಲ್ಲೆಯ ಹೊಳೆದಂಡೆಯ ಊರುಗಳು ನೀರಿನಲ್ಲಿ ನಿಂತವು. 2019ರ ವಿಚಿತ್ರವನ್ನಂತೂ ಇಲ್ಲಿನವರು ಮರೆಯುವಂತಿಲ್ಲ. ಆ ಬೇಸಿಗೆಯಲ್ಲಿ ಕೃಷ್ಣೆ ಬತ್ತಿ, ಕುಡಿಯುವ ನೀರಿಗಾಗಿ ಕೊಯ್ನಾ ಜಲಾಶಯದಿಂದ ಒಂದಿಷ್ಟು ನೀರು ಬಿಡಿ ಎಂದು ಕರ್ನಾಟಕವು ಮಹಾರಾಷ್ಟ್ರವನ್ನು ಕೇಳಬೇಕಾಗಿ ಬಂದಿತ್ತು. ಆಗಸ್ಟ್ ಮೊದಲ ವಾರ ಮುಗಿಯುವ ಹೊತ್ತಿಗೆ ಅದೇ ಹೊಳೆಯ ದಂಡೆಯ ಜನರನ್ನು ದೋಣಿಗಳಲ್ಲಿ ಕರೆತರಬೇಕಾಯಿತು.

ಇದಕ್ಕೆ ಕಾರಣ ಜಿಲ್ಲೆಯ ಮಳೆಯಲ್ಲ, ಜಿಲ್ಲೆ ಇರುವ ಜಾಗ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಎಂಬ ಮೂರು ಹೊಳೆಗಳೂ ಸಹ್ಯಾದ್ರಿಯ ನೆತ್ತಿಯಲ್ಲಿ ಹುಟ್ಟಿ, ಪೂರ್ವಕ್ಕೆ ಇಳಿದು, ಒಂದಾಗುವುದು ಇದೇ ಜಿಲ್ಲೆಯ ಆಸುಪಾಸಿನಲ್ಲಿ. ಘಟಪ್ರಭೆ ಚಿಕ್ಕಸಂಗಮದ ಬಳಿ, ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತವೆ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ. 2021ರ ಜುಲೈ 22ರಿಂದ 23ರ ನಡುವಿನ 24 ಗಂಟೆಗಳಲ್ಲೇ ಅಲ್ಲಿ 594 ಮಿಲಿಮೀಟರ್ ಮಳೆ ದಾಖಲಾಯಿತು. ಬಾಗಲಕೋಟೆಯ ಹೊಲ ಒಂದು ಇಡೀ ವರ್ಷದಲ್ಲಿ ಕಾಣುವಷ್ಟು ಮಳೆ ಅಲ್ಲಿ ಒಂದು ಹಗಲು ಒಂದು ರಾತ್ರಿಯಲ್ಲಿ ಬಿದ್ದಿತು ಎಂದರೆ, ಮುಗಿಲು ತಿಳಿಯಾಗಿರುವ ದಿನವೂ ಮುಧೋಳದ ರೈತ ಹೊಳೆಯತ್ತ ಕಣ್ಣಿಟ್ಟು ಕೂರುವುದೇಕೆ ಎಂಬುದು ತಿಳಿಯುತ್ತದೆ.

ಆಡಳಿತದ ಕಡತಗಳಲ್ಲಿ ಎಲ್ಲವೂ 'ಪ್ರವಾಹ' ಎಂಬ ಒಂದೇ ತಲೆಬರಹದಡಿ ಬರುತ್ತವೆ. ಆದರೆ ಈ ಮೂರು ಹೊಳೆಗಳು ಉಕ್ಕುವ ಕಾರಣ ಬೇರೆ, ಮುನ್ಸೂಚನೆಗೆ ಸಿಗುವ ಸಮಯ ಬೇರೆ, ಹಾನಿಯ ಬಗೆಯೂ ಬೇರೆ. ಜಮಖಂಡಿಗೆ ಹೊಂದುವ ಎಚ್ಚರಿಕೆ ಬಾದಾಮಿಗೆ ಹೊಂದುವುದಿಲ್ಲ. ಜಿಲ್ಲೆಯ ಅಪಾಯವನ್ನು ಅಳೆಯಬೇಕಾದರೆ ಹೊಳೆಯಿಂದ ಹೊಳೆಗೆ ಅಳೆಯಬೇಕೇ ಹೊರತು ಇಡೀ ಜಿಲ್ಲೆಗೆ ಒಂದೇ ಅಳತೆ ಇಲ್ಲ.

ಮೊದಲು ಸುದ್ದಿಯಲ್ಲಿ ಬರುವ ಎರಡು ಅಳತೆಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ಕ್ಯುಸೆಕ್ ಎಂದರೆ ಒಂದು ಸೆಕೆಂಡಿಗೆ ಹರಿದು ಹೋಗುವ ನೀರು ಎಷ್ಟು ಘನ ಅಡಿ ಎಂಬ ಲೆಕ್ಕ. ಟಿಎಂಸಿ ಎಂದರೆ ನಿಂತ ನೀರಿನ ಪ್ರಮಾಣ, 100 ಕೋಟಿ ಘನ ಅಡಿ. ಒಂದು ಲಕ್ಷ ಕ್ಯುಸೆಕ್ ನೀರು ಒಂದು ದಿನ ಎಡೆಬಿಡದೆ ಹರಿದರೆ 8.64 ಟಿಎಂಸಿ ಆಗುತ್ತದೆ. ಈ ಒಂದು ಅಂಕಿ ನೆನಪಿದ್ದರೆ ಅಣೆಕಟ್ಟಿನ ಬಗ್ಗೆ ನಡೆಯುವ ಅರ್ಧದಷ್ಟು ವಾಗ್ವಾದಗಳನ್ನು ಮನೆಯಲ್ಲೇ ಕುಳಿತು ಪರೀಕ್ಷಿಸಬಹುದು.

ಆಲಮಟ್ಟಿಯನ್ನೇ ತೆಗೆದುಕೊಳ್ಳಿ. ಅದರ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್, ಸಂಗ್ರಹ ಸುಮಾರು 123 ಟಿಎಂಸಿ. ಕರ್ನಾಟಕದ ದೊಡ್ಡ ಜಲಾಶಯಗಳಲ್ಲಿ ಒಂದು. 2019ರ ಆಗಸ್ಟಿನಲ್ಲಿ ಅದರ ಹೊರಹರಿವು 5 ಲಕ್ಷ ಕ್ಯುಸೆಕ್ ಮೀರಿತ್ತು. 5 ಲಕ್ಷ ಕ್ಯುಸೆಕ್ ಒಂದು ದಿನ ಹರಿದರೆ 43 ಟಿಎಂಸಿ. ಅಂದರೆ ಆಲಮಟ್ಟಿ ತಳ ಕಾಣುವಷ್ಟು ಖಾಲಿ ಇದ್ದಿದ್ದರೂ ಅಂಥ ಹರಿವು ಮೂರು ದಿನದೊಳಗೆ ಅದನ್ನು ತುಂಬಿಬಿಡುತ್ತಿತ್ತು. ಕೃಷ್ಣೆಯ ದೊಡ್ಡ ಮಹಾಪೂರವನ್ನು ಅಣೆಕಟ್ಟು ತಡೆದು ನುಂಗುತ್ತದೆ ಎಂದು ನಂಬುವುದು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಅದು ಮಾಡಬಲ್ಲದ್ದು ಇಷ್ಟೇ: ನೀರು ಬರುವುದಕ್ಕೆ ಮೊದಲೇ ಒಂದಿಷ್ಟು ಜಾಗ ಮಾಡಿಕೊಂಡು, ಹರಿವಿನ ತುತ್ತತುದಿಯನ್ನು ಕೊಂಚ ತಗ್ಗಿಸಿ, ಕೆಳಗಿನವರಿಗೆ ಕೆಲವು ಗಂಟೆಗಳ ಬಿಡುವು ಕೊಡುವುದು. ಮೇಲಿನಿಂದ ಬರುವ ಸುದ್ದಿ ತಡವಾದರೆ ಅಷ್ಟೂ ಆಗುವುದಿಲ್ಲ.

ಕೃಷ್ಣೆಯ ಮಹಾಪೂರ ನಿಧಾನವಾಗಿ ಬರುವ, ನಿಧಾನವಾಗಿ ಇಳಿಯುವ ಬಗೆಯದು. ಕರಾಡದಲ್ಲಿ ಕೊಯ್ನಾ, ಸಾಂಗ್ಲಿಯ ಬಳಿ ವಾರಣಾ, ನರಸೋಬವಾಡಿಯಲ್ಲಿ ಪಂಚಗಂಗಾ ಅದನ್ನು ಸೇರುತ್ತವೆ. ಗಡಿಯಲ್ಲಿ ವೇದಗಂಗೆಯನ್ನು ಕೂಡಿಸಿಕೊಂಡ ದೂಧಗಂಗಾ ಬಂದು ಸೇರುತ್ತದೆ. 105 ಟಿಎಂಸಿಯ ಕೊಯ್ನಾ ತುಂಬಿ ಗೇಟು ಎತ್ತಿದ ಸುದ್ದಿ ಮತ್ತು ಗಡಿಯಾಚೆಯ ರಾಜಾಪುರ ಬ್ಯಾರೇಜಿನ ಹರಿವಿನ ಅಂಕಿ ಜಮಖಂಡಿ, ತೇರದಾಳ ಭಾಗದ ಜನರಿಗೆ ಮನೆಯ ಹವಾಮಾನ ವರದಿಗಿಂತ ಮುಖ್ಯ. ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳ–ಯಡೂರು ಸೇತುವೆ ಮುಳುಗಿದ ಸುದ್ದಿ ಬಂದಿತೆಂದರೆ, ಹಿಪ್ಪರಗಿ ಬ್ಯಾರೇಜಿನ ಕೆಳಗಿನವರಿಗೆ ಸಾಮಾನು ಕಟ್ಟಿಕೊಳ್ಳಲು ಇನ್ನೂ ಸಮಯ ಇರುತ್ತದೆ. ಜಮಖಂಡಿ ತಾಲ್ಲೂಕಿನ ಮುತ್ತೂರು ನಡುಗಡ್ಡೆಯ ಜನರು ಪ್ರತಿ ಮಳೆಗಾಲ ಮಾಡುವ ಲೆಕ್ಕ ಇದೇ. ಹಾಗಾಗಿ ಕೃಷ್ಣಾ ತೀರದಲ್ಲಿ ಪ್ರಾಣಹಾನಿಗಿಂತ ಬೆಳೆಹಾನಿಯೇ ದೊಡ್ಡದು: ವಾರಗಟ್ಟಲೆ ನೀರಲ್ಲಿ ನಿಂತ ಕಬ್ಬಿನ ಸುಳಿ ಕೊಳೆಯುತ್ತದೆ, ದಂಡೆಯ ಪಂಪ್‌ಸೆಟ್ಟುಗಳು ಹೂಳಿನಲ್ಲಿ ಹೂತುಹೋಗುತ್ತವೆ, ಮೇವು ಹಾಳಾಗಿ ದನಗಳು ಸೊರಗುತ್ತವೆ.

ಈ ದಂಡೆಯ ಜನರ ನೀರಿನ ಅರಿವನ್ನು ಹೇಳುವಾಗ ಚಿಕ್ಕಪಡಸಲಗಿಯನ್ನು ಬಿಡಲಾಗದು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ಮೈಬಗ್ಗಿಸಿ ದುಡಿದು ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಅದಕ್ಕೆ 'ಶ್ರಮಬಿಂದು ಸಾಗರ' ಎಂಬ ಹೆಸರೂ ಬಂದಿತು. ಅವರು ಅಂದು ಹೋರಾಡಿದ್ದು ಬೇಸಿಗೆಯ ಬರದೊಂದಿಗೆ. ನೀರಿನ ಕೊರತೆಗೆಂದು ದಂಡೆಯತ್ತ ಸರಿದ ಒಕ್ಕಲುತನ ಕೊನೆಗೆ ನೀರಿನ ಹೆಚ್ಚಳದ ಬಾಯಿಗೂ ಸಿಗುತ್ತದೆ ಎಂಬುದು ಈ ಜಿಲ್ಲೆಯ ಮೂರೂ ಹೊಳೆಗಳ ಉದ್ದಕ್ಕೂ ಕಾಣುವ ಸಂಗತಿ.

ಘಟಪ್ರಭೆಯ ಸ್ವಭಾವ ಇಷ್ಟು ಸರಳವಲ್ಲ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ 51 ಟಿಎಂಸಿಯದು. ಆದರೆ ಆಂಬೋಲಿಯ ಕಡೆಯಿಂದ ಬರುವ ಹಿರಣ್ಯಕೇಶಿ ಈ ಅಣೆಕಟ್ಟಿನ ಕೆಳಗೆ ಬಂದು ಸೇರುತ್ತದೆ, ಗೋಕಾಕ ಭಾಗದಲ್ಲಿ ಮಾರ್ಕಂಡೇಯ ಕೂಡಿಕೊಳ್ಳುತ್ತದೆ, ಬೆಳಗಾವಿಯ ಕಡೆಯ ಬಳ್ಳಾರಿ ನಾಲೆಯೂ ತನ್ನ ಪಾಲು ತರುತ್ತದೆ. ಆದ್ದರಿಂದ ಹಿಡಕಲ್ ಗೇಟು ಎಷ್ಟು ಎತ್ತಿದರು ಎಂಬುದೊಂದನ್ನೇ ಕೇಳಿ ನೆಮ್ಮದಿಯಿಂದಿರುವ ಮುಧೋಳದವರು ಅರ್ಧ ಸುದ್ದಿಯನ್ನಷ್ಟೇ ಕೇಳಿದಂತೆ. ಅವರು ನೋಡಬೇಕಾದದ್ದು ಹಿಡಕಲ್ ಕೆಳಗಿನ ಧೂಪದಾಳ ಒಡ್ಡಿನ ಹರಿವು ಮತ್ತು ಅದರ ಕೆಳಗೆ ಸೇರುವ ಹಳ್ಳಗಳ ಮೊತ್ತ. ಲೋಳಸೂರ ಸೇತುವೆಯ ಮೇಲೆ ನೀರು ಹರಿದರೆ ಮರುದಿನ ಯಾದವಾಡ ಸೇತುವೆಯ ಸರದಿ, ಮಾಚಕನೂರಿನ ಹೊಳೆಬಸವೇಶ್ವರ ಗುಡಿಗೆ ನೀರು ಬಂದಾಗಲಂತೂ ಕೆಳಗಿನ ಊರುಗಳು ಎಚ್ಚರಗೊಂಡಿರುತ್ತವೆ.

ಇದರ ಮೇಲೆ ಇನ್ನೊಂದು ತೊಡಕಿದೆ. ಘಟಪ್ರಭೆಯ ಬಾಲ ಆಲಮಟ್ಟಿಯ ಹಿನ್ನೀರಿನಲ್ಲಿದೆ. ಮುಂದೆ ನೀರು ನಿಂತಿದ್ದರೆ ಹಿಂದಿನಿಂದ ಬರುವ ಹೊಳೆಯ ವೇಗ ಕುಗ್ಗುತ್ತದೆ. ವೇಗ ಕುಗ್ಗಿದಷ್ಟೂ ಮಟ್ಟ ಏರುತ್ತದೆ, ಹೂಳು ಅಲ್ಲೇ ಕೂರುತ್ತದೆ, ಕೂತ ಹೂಳು ಮುಂದಿನ ವರ್ಷದ ಹೊಳೆಯನ್ನು ಮತ್ತಷ್ಟು ಮೇಲೆತ್ತುತ್ತದೆ. ಬಾಗಲಕೋಟೆ ಪಟ್ಟಣದ ಒಂದು ಭಾಗ ಇದೇ ಹಿನ್ನೀರಿಗೆ ಹೋಗಿ, ಸಂತ್ರಸ್ತರಿಗಾಗಿ ನವನಗರ ಕಟ್ಟಿದ್ದು ಎಲ್ಲರಿಗೂ ಗೊತ್ತು.

ಸಾಂಗ್ಲಿ, ಕೊಲ್ಹಾಪುರದವರು ತಮ್ಮೂರಿನ ಮುಳುಗಡೆಗೆ ಆಲಮಟ್ಟಿಯನ್ನು ದೂರುವುದೂ ಇದೇ ಹಿನ್ನೀರಿನ ತರ್ಕದ ಮೇಲೆ. 2019ರಲ್ಲಿ ಸಾಂಗ್ಲಿಯ ಆಯರ್ವಿನ್ ಸೇತುವೆಯ ಬಳಿ ನೀರು 57 ಅಡಿ ಮುಟ್ಟಿತು. ಅಲ್ಲಿನ ಅಪಾಯದ ಮಟ್ಟ 45 ಅಡಿ. ತರ್ಕ ತಪ್ಪಲ್ಲ, ದೂರವನ್ನು ಅದು ಮರೆಯುತ್ತದೆ. ಸಾಂಗ್ಲಿ ನಗರ ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿದೆ, ಆಲಮಟ್ಟಿಯ ಪೂರ್ಣ ಮಟ್ಟ 519.60. ಹರಿಯುವ ಹೊಳೆಯಲ್ಲಿ ಹಿನ್ನೀರಿನ ಪ್ರಭಾವ ಜಲಾಶಯದ ಮಟ್ಟಕ್ಕಿಂತ ಒಂದಿಷ್ಟು ಮೇಲಕ್ಕೆ ಏರುವುದು ನಿಜವಾದರೂ, ನಡುವೆ ಇಷ್ಟು ಇಳಿಜಾರು, ಇಷ್ಟು ಹರದಾರಿ ಇರುವಾಗ ಅದು ಅಷ್ಟು ಮೇಲೆ ಮುಟ್ಟುವುದು ಕಷ್ಟ. ಆ ಮಹಾಪೂರದ ಬಳಿಕ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ ವಡ್ನೇರೆ ಸಮಿತಿಯೂ ಆಲಮಟ್ಟಿಯನ್ನು ಮುಖ್ಯ ಕಾರಣವೆಂದು ಎಣಿಸಲಿಲ್ಲ; ಅತಿವೃಷ್ಟಿಯತ್ತ, ನದಿಪಾತ್ರದ ಒತ್ತುವರಿಯತ್ತ ಅದು ಬೆರಳು ತೋರಿತು. ಹಾಗೆಂದು ಕರ್ನಾಟಕದವರು ಬೀಗಬೇಕಿಲ್ಲ. ಸಾಂಗ್ಲಿಗೆ ಮುಟ್ಟದ ಹಿನ್ನೀರು ನಮ್ಮದೇ ಬೀಳಗಿ, ಮುಧೋಳ, ಜಮಖಂಡಿಯ ದಂಡೆಗಳಿಗೆ ಮುಟ್ಟುತ್ತದೆ ಎಂಬುದನ್ನು ಈ ವಾಗ್ವಾದದ ಗದ್ದಲದಲ್ಲಿ ಯಾರೂ ದೊಡ್ಡ ದನಿಯಲ್ಲಿ ಹೇಳುವುದಿಲ್ಲ. 2021ರ ಜೂನ್ ತಿಂಗಳಲ್ಲಿ ಎರಡೂ ರಾಜ್ಯಗಳು ಬೆಂಗಳೂರಿನಲ್ಲಿ ಕುಳಿತು ನೀರು ಬಿಡುವ ಮಾಹಿತಿಯನ್ನು ಹಂಚಿಕೊಳ್ಳುವ ಬಗ್ಗೆ ಮಾತಾಡಿದ್ದು ಹತ್ತು ಆರೋಪಗಳಿಗಿಂತ ಹೆಚ್ಚು ಕೆಲಸಕ್ಕೆ ಬರುವ ಸಂಗತಿ.

ಮಲಪ್ರಭೆಯ ಕಥೆಯೇ ಬೇರೆ. ನನ್ನ ದೃಷ್ಟಿಯಲ್ಲಿ ಮೂರರಲ್ಲಿ ಹೆಚ್ಚು ಅಪಾಯಕಾರಿ ಹೊಳೆಯೂ ಅದೇ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ಹೊಳೆಗೆ ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಅಣೆಕಟ್ಟು ಇದೆ. 37.73 ಟಿಎಂಸಿಯ ಈ ಜಲಾಶಯ ಎಷ್ಟೋ ವರ್ಷ ತುಂಬುವುದೇ ಇಲ್ಲ. ತುಂಬದ ವರ್ಷ ಕೆಳಗಿನ ಹೊಳೆಗೆ ನೀರೂ ಇಲ್ಲ. ರಾಮದುರ್ಗದಿಂದ ಬಾದಾಮಿಯವರೆಗೆ ಪಾತ್ರದಲ್ಲಿ ಜಾಲಿಕಂಟಿ ಬೆಳೆಯುತ್ತದೆ, ಎರಡೂ ದಂಡೆಯ ಹೊಲಗಳು ವರ್ಷಕ್ಕೊಂದು ಸಾಲಿನಂತೆ ಹೊಳೆಯೊಳಗೆ ಇಳಿಯುತ್ತವೆ, ಹಳೆಯ ಸೇತುವೆಗಳ ಕಣ್ಣುಗಳು ಹೂಳಿನಿಂದ ಅರ್ಧ ಮುಚ್ಚುತ್ತವೆ. ಐದಾರು ವರ್ಷ ಹೊಳೆಯೇ ಕಾಣದಿದ್ದಾಗ ಅದನ್ನು ಹೊಲವೆಂದುಕೊಳ್ಳುವುದು ಒಕ್ಕಲಿಗನ ದುರಾಸೆ ಮಾತ್ರವಲ್ಲ. ಎರೆಭೂಮಿಯ ಬರಗಾಲದಲ್ಲಿ ಹಸಿ ಇರುವ ಜಾಗ ಅದೊಂದೇ.

ಹೀಗೆ ಕಿರಿದಾದ ಪಾತ್ರಕ್ಕೆ 2019ರ ಆಗಸ್ಟಿನಲ್ಲಿ ಒಮ್ಮೆಗೇ ನೀರು ಬಂದಿತು. ಜುಲೈ ಕೊನೆಯವರೆಗೂ ಪೂರ್ತಿ ತುಂಬಿರದ ಜಲಾಶಯ ಖಾನಾಪುರದ ಮಳೆಗೆ ಕೆಲವೇ ದಿನಗಳಲ್ಲಿ ಭರ್ತಿಯಾಯಿತು. ಬಂದಷ್ಟನ್ನೂ ಹೊರಬಿಡದೆ ಎಂಜಿನಿಯರುಗಳಿಗೆ ದಾರಿ ಉಳಿಯಲಿಲ್ಲ. ಲೆಕ್ಕ ಹೀಗಿದೆ: ಜಲಾಶಯದಲ್ಲಿ 3 ಟಿಎಂಸಿ ಜಾಗ ಉಳಿದಿದೆ, ಒಳಹರಿವು ಒಂದು ಲಕ್ಷ ಕ್ಯುಸೆಕ್, ಹೊರಗೆ ಬಿಡುತ್ತಿರುವುದು 50 ಸಾವಿರ ಎಂದಿಟ್ಟುಕೊಳ್ಳಿ. ಉಳಿದ ಜಾಗ ಸುಮಾರು 17 ಗಂಟೆಗಳಲ್ಲಿ ಮುಗಿಯುತ್ತದೆ. ಸಂಜೆ ನಿರ್ಧಾರ ತಡವಾದರೆ ಬೆಳಗಾಗುವುದರೊಳಗೆ ಅಣೆಕಟ್ಟಿನ ಸುರಕ್ಷತೆಯೇ ಪ್ರಶ್ನೆಯಾಗುತ್ತದೆ. ಮುನವಳ್ಳಿ, ರಾಮದುರ್ಗ ಮುಳುಗಿ, ಕೊಣ್ಣೂರು–ಗೋವನಕೊಪ್ಪದ ಬಳಿ ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿ ಕಡಿದು, ಚೊಳಚಗುಡ್ಡದ ಸೇತುವೆ ಮುಳುಗಿ, ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ನುಗ್ಗಿತು.

ಹಾಗಾದರೆ ಜಲಾಶಯವನ್ನು ಮೊದಲೇ ಖಾಲಿ ಇಡಬಹುದಿತ್ತಲ್ಲ ಎಂಬ ಪ್ರಶ್ನೆ ಪ್ರತಿ ಸಲ ಏಳುತ್ತದೆ. ಇದಕ್ಕೆ ಉತ್ತರ ಸುಲಭವಲ್ಲ. ನವಿಲುತೀರ್ಥದ ನೀರು ನಾಲ್ಕು ಜಿಲ್ಲೆಗಳ ಕಾಲುವೆಗಳಿಗೂ ಹುಬ್ಬಳ್ಳಿ–ಧಾರವಾಡದ ನಲ್ಲಿಗೂ ಹೋಗುತ್ತದೆ. ಬರಲಿರುವ ಮಳೆಯನ್ನು ನಂಬಿ ಆಗಸ್ಟಿನಲ್ಲಿ ಐದು ಟಿಎಂಸಿ ಬಿಟ್ಟು, ಆ ಮಳೆ ಬಾರದೆ ಹೋದರೆ, ಏಪ್ರಿಲಿನಲ್ಲಿ ಅವಳಿ ನಗರಕ್ಕೆ ಯಾರು ಉತ್ತರ ಹೇಳಬೇಕು? ಆದ್ದರಿಂದ ಅಧಿಕಾರಿಗಳು ತುಂಬಿಸುವ ಕಡೆಗೇ ವಾಲುತ್ತಾರೆ. ಯಾವ ತಿಂಗಳಲ್ಲಿ ಎಷ್ಟು ಮಟ್ಟ ಇರಬೇಕು ಎಂಬ ನಿಯಮವನ್ನು ಮಳೆಯ ಮುನ್ಸೂಚನೆಗೆ ಜೋಡಿಸಿ, ಅದನ್ನು ಮೊದಲೇ ಜನರ ಮುಂದಿಟ್ಟರೆ, ತಪ್ಪಿದಾಗ ಒಬ್ಬ ಎಂಜಿನಿಯರನ ತಲೆಯ ಮೇಲೆ ಎಲ್ಲವೂ ಬೀಳುವುದಿಲ್ಲ. ಆಗ ನೀರು ಬಿಡುವ ಧೈರ್ಯವೂ ಬರುತ್ತದೆ.

ಮಲಪ್ರಭೆಗೆ ಇನ್ನೊಂದು ಬಾಗಿಲೂ ಇದೆ, ಅದಕ್ಕೆ ಗೇಟೇ ಇಲ್ಲ. ಹುಬ್ಬಳ್ಳಿಯ ಕಡೆಯಿಂದ ನವಲಗುಂದ, ನರಗುಂದದ ಎರೆನಾಡನ್ನು ಹಾದು ಬರುವ ಬೆಣ್ಣೆಹಳ್ಳ ರೋಣ ತಾಲ್ಲೂಕಿನಲ್ಲಿ ಹೊಳೆಯನ್ನು ಸೇರುತ್ತದೆ. ಒಣಗಿದ ಎರೆ ನೆಲ ತನ್ನ ಬಿರುಕುಗಳಲ್ಲಿ ಮೊದಲ ಮಳೆಯನ್ನು ಕುಡಿಯುತ್ತದೆ. ಒಮ್ಮೆ ನೆನೆದು ಉಬ್ಬಿ ಬಿರುಕು ಮುಚ್ಚಿಕೊಂಡ ಮೇಲೆ ಬಿದ್ದ ಮಳೆಯೆಲ್ಲ ಮೇಲ್ಮೈಯಲ್ಲೇ ಓಡಿ ಹಳ್ಳ ಸೇರುತ್ತದೆ. ಜಲಾಶಯ ಅರ್ಧ ಖಾಲಿ ಇದ್ದ ದಿನವೂ ಹೊಳೆಆಲೂರಿನ ಕೆಳಗಿನವರಿಗೆ ನೀರು ಬರಬಹುದು.

2009ರ ಮಹಾಪೂರ ಇದೇ ಮಾದರಿಯ ದೊಡ್ಡ ರೂಪ. ಸೆಪ್ಟೆಂಬರ್ ಕೊನೆಯ ದಿನಗಳಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ವಾಯುಭಾರ ಕುಸಿತದ ಮಳೆ ಘಟ್ಟದ ಮೇಲಲ್ಲ, ನೇರವಾಗಿ ಬಯಲುಸೀಮೆಯ ಮೇಲೆಯೇ ಸುರಿಯಿತು. ಮಳೆಗಾಲ ಮುಗಿಯುವ ಹೊತ್ತಾದ್ದರಿಂದ ಕೆರೆ, ಜಲಾಶಯಗಳು ತುಂಬಿದ್ದವು, ನೆಲವೂ ನೆನೆದಿತ್ತು. ಅದೇ ಮಳೆಗೆ ತುಂಗಭದ್ರೆಯೂ ಉಕ್ಕಿ ಮಂತ್ರಾಲಯ, ಕರ್ನೂಲುಗಳನ್ನು ಮುಳುಗಿಸಿತು. ಕರ್ನಾಟಕದಲ್ಲಿ ಸತ್ತವರ ಸಂಖ್ಯೆ 200 ಮೀರಿತು. ಅವರಲ್ಲಿ ಹಲವರು ಹೊಳೆಯಲ್ಲಿ ಕೊಚ್ಚಿಹೋದವರಲ್ಲ, ತಮ್ಮದೇ ಮನೆಯ ಗೋಡೆಯಡಿ ಸಿಕ್ಕವರು. ಬಿರುಬಿಸಿಲಿಗೆ ತಂಪು ಕೊಡುವ ದಪ್ಪ ಮಣ್ಣಿನ ಗೋಡೆ ಮತ್ತು ಮಣ್ಣು ಹೊದಿಸಿದ ಮಾಳಿಗೆ, ನಾಲ್ಕು ದಿನ ಎಡೆಬಿಡದ ಮಳೆಗೆ ನೀರು ಕುಡಿದು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಹೊಳೆಯಿಂದ ಹತ್ತು ಮೈಲಿ ದೂರದ ಎತ್ತರದ ಊರಿಗೂ ಈ ಅಪಾಯ ತಪ್ಪಿದ್ದಲ್ಲ. ಪ್ರವಾಹದ ನಕ್ಷೆಗಳು ಹೊಳೆಯ ಅಂಚನ್ನಷ್ಟೇ ಬಣ್ಣಿಸುವುದರಿಂದ ಈ ಮನೆಗಳು ಅವುಗಳಲ್ಲಿ ಕಾಣುವುದೇ ಇಲ್ಲ.

'ನೂರು ವರ್ಷಕ್ಕೊಮ್ಮೆ ಬರುವ ಮಹಾಪೂರ' ಎಂಬ ಮಾತು ಪ್ರತಿ ಸಲವೂ ಕೇಳಿಬರುತ್ತದೆ, ಪ್ರತಿ ಸಲವೂ ಜನರನ್ನು ದಾರಿ ತಪ್ಪಿಸುತ್ತದೆ. ಒಮ್ಮೆ ಬಂದರೆ ಇನ್ನು ನೂರು ವರ್ಷ ಬಾರದು ಎಂಬುದು ಅದರ ಅರ್ಥವಲ್ಲ. ಯಾವುದೇ ಒಂದು ವರ್ಷದಲ್ಲಿ ಅಷ್ಟು ನೀರು ಬರುವ ಸಾಧ್ಯತೆ ನೂರಕ್ಕೆ ಒಂದು ಎಂದಷ್ಟೇ. ಅಂಥ ಅಂಚಿನಲ್ಲಿ ಮನೆ ಕಟ್ಟಿ 30 ವರ್ಷ ಬಾಳಿದವನಿಗೆ ಒಮ್ಮೆಯಾದರೂ ನೀರು ಬರುವ ಸಾಧ್ಯತೆ ಶೇಕಡಾ 26. ಇಪ್ಪತ್ತೈದು ವರ್ಷಕ್ಕೊಮ್ಮೆ ಎಂದು ಹೇಳುವ ಮಟ್ಟದಲ್ಲಿ ಮನೆ ಇದ್ದರೆ ಅದೇ 30 ವರ್ಷದಲ್ಲಿ ಸಾಧ್ಯತೆ ಶೇಕಡಾ 70 ದಾಟುತ್ತದೆ. ಈ ಲೆಕ್ಕವೂ ಹೊಳೆಯ ಪಾತ್ರ, ಮಳೆಯ ರೀತಿ ಬದಲಾಗುವುದಿಲ್ಲ ಎಂಬ ನಂಬಿಕೆಯ ಮೇಲೆ ನಿಂತಿದೆ. ಮಲಪ್ರಭೆಯಲ್ಲಿ ಪಾತ್ರ ಕಿರಿದಾದಂತೆಲ್ಲ ಹಿಂದೆ ದಂಡೆ ಮೀರದಿದ್ದ ಹರಿವೂ ಈಗ ಮೀರುತ್ತದೆ. ಅಷ್ಟೇ ನೀರಿಗೆ ಹೆಚ್ಚು ಮುಳುಗಡೆ.

ಪರಿಹಾರದ ವಿಷಯವನ್ನು ಚಿಕ್ಕದಾಗಿಯೇ ಹೇಳಬಹುದು. 2009ರ ಬಳಿಕ 'ಆಸರೆ' ಯೋಜನೆಯಡಿ ಊರುಗಳನ್ನು ಎತ್ತರಕ್ಕೆ ಸ್ಥಳಾಂತರಿಸಲು ದಾನಿಗಳ ನೆರವಿನಿಂದ ಮನೆಗಳು ಎದ್ದವು. 2019ರಲ್ಲಿ 22 ಜಿಲ್ಲೆ, 103 ತಾಲ್ಲೂಕುಗಳು ಪ್ರವಾಹಪೀಡಿತವಾದಾಗ ರಾಜ್ಯ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಆದರೂ ಹಳೆಯ ಊರುಗಳು ಖಾಲಿಯಾಗಲಿಲ್ಲ. ಎರಡು ಕೋಣೆಯ ಆಸರೆ ಮನೆಯಲ್ಲಿ ಎತ್ತು ಕಟ್ಟಲು ಜಾಗವಿಲ್ಲ, ಕಾಳು ತುಂಬಿಡುವ ಹಗೇವು ಇಲ್ಲ, ಬಣವೆ ಒಟ್ಟಲು ಹಿತ್ತಲಿಲ್ಲ, ಹೊಲ ದೂರವಾಯಿತು, ಹಕ್ಕುಪತ್ರ ಕೈಗೆ ಬರುವುದೂ ತಡವಾಯಿತು. ಕೂಲಿಗೆ ಹೋಗುವವರಿಗೆ ಒಗ್ಗಿದ ಮನೆ ಒಕ್ಕಲುತನದವರಿಗೆ ಒಗ್ಗಲಿಲ್ಲ. ಡಂಗುರ ಸಾರಿದಾಗ ಕಾಳಜಿ ಕೇಂದ್ರಕ್ಕೆ ಹೋಗಿ, ನೀರಿಳಿದ ಮೇಲೆ ಹಳೆಯ ಮನೆಗೇ ಮರಳುವುದನ್ನು ಜನರ ಹಟ ಎಂದು ಕರೆಯುವವರು ಒಮ್ಮೆ ಆ ಮನೆಗಳ ನಕ್ಷೆಯನ್ನು ನೋಡಬೇಕು.

ಮುಂದಿನ ಅಪಾಯದ ಲೆಕ್ಕದಲ್ಲಿ ಆಲಮಟ್ಟಿಯ ಎತ್ತರ ಸೇರಲೇಬೇಕು. ಎರಡನೇ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ಮಹಾರಾಷ್ಟ್ರ ಇದನ್ನು ವಿರೋಧಿಸುತ್ತಿದೆ, ತೀರ್ಪಿನ ವಿಷಯ ಸುಪ್ರೀಂ ಕೋರ್ಟಿನಲ್ಲಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ನಿಗದಿಪಡಿಸಿತು. ಮುಳುಗುವ ಜಮೀನು ಸುಮಾರು 75 ಸಾವಿರ ಎಕರೆ, ಊರುಗಳು ಇಪ್ಪತ್ತರ ಆಸುಪಾಸು. ಈ ಚರ್ಚೆಯೆಲ್ಲ ಆ ರೇಖೆಯ ಕೆಳಗಿನವರ ಬಗ್ಗೆ. ಆದರೆ 524.256 ಎಂಬುದು ನಿಂತ ನೀರಿನ ಮಟ್ಟ. ತುಂಬಿದ ಜಲಾಶಯಕ್ಕೆ ಲಕ್ಷಗಟ್ಟಲೆ ಕ್ಯುಸೆಕ್ ಹರಿದು ಬರುವಾಗ ಮೇಲ್ಗಡೆಯ ನೀರು ಮಟ್ಟಸವಾಗಿ ನಿಲ್ಲುವುದಿಲ್ಲ. ಘಟಪ್ರಭೆ ಮತ್ತು ಕೃಷ್ಣೆಯ ಉದ್ದಕ್ಕೂ ಹಿಂದಕ್ಕೆ ಹೋದಂತೆ ಅದು ಆ ರೇಖೆಗಿಂತ ಮೇಲೇರಿರುತ್ತದೆ. ಹಾಗಾಗಿ ಸ್ವಾಧೀನದ ಕಲ್ಲು ನೆಟ್ಟ ಜಾಗಕ್ಕಿಂತ ಒಂದೆರಡು ಮೀಟರ್ ಎತ್ತರದಲ್ಲಿ ಹೊಲವೋ ಮನೆಯೋ ಇರುವವರು ಸಂತ್ರಸ್ತರ ಪಟ್ಟಿಯಲ್ಲಿ ಇರುವುದಿಲ್ಲ, ಪರಿಹಾರವೂ ಸಿಗುವುದಿಲ್ಲ. ಹೊಸ ಮಹಾಪೂರದ ಅಂಚು ಮಾತ್ರ ಅವರ ಹೊಸ್ತಿಲಿಗೆ ಬಂದಿರುತ್ತದೆ. ಯಾವ ಸರ್ವೆ ನಂಬರುಗಳು ಆ ಅಂಚಿನೊಳಗೆ ಬರುತ್ತವೆ ಎಂಬ ನಕ್ಷೆಯನ್ನು, ಗೇಟಿನ ಎತ್ತರ ಹೆಚ್ಚಿಸುವುದಕ್ಕೆ ಮೊದಲು, ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸುವುದು ಕಷ್ಟದ ಕೆಲಸವೇನೂ ಅಲ್ಲ.